ಮೀಟರಿನಲ್ಲಿ ಸ್ಪೀಡ್ ಬೇಡ, ದೂರ ಇರಲಿ



ಏಪ್ರಿಲ್ ಜಾಥಾಕ್ಕೆ ಅಂತ ನಮ್ಮ ಹುಡುಗರು ಕೈಯಿಂದ ದುಡ್ಡು ಹಾಕಿ ಒಂದು ಸೈಕಲ್ ಮೀಟರ್ ತಗೊಂಡಿದ್ದಾರೆ. ಸೆಕೆಂಡ್ ಹ್ಯಾಂಡು, ಆದರೂ ಚೆನ್ನಾಗಿದೆ. ಹ್ಯಾಂಡಲ್ ಮೇಲೆ ಕೂರುತ್ತೆ, ಎರಡು ಬೆಂಕಿಪೊಟ್ಟಣ ಜೋಡಿಸಿಟ್ಟಷ್ಟು ದೊಡ್ಡದು. ಜಿಪಿಎಸ್ಸೂ ಇದೆ, ಚಕ್ರಕ್ಕೆ ಕಟ್ಟೋ ಸೆನ್ಸರೂ ಇದೆ. ಪರದೆ ಮೇಲೆ ಒಂದು ಸಲಕ್ಕೆ ಆರು ಬಾಕ್ಸ್ ಕಣ್ಣಿಗೆ ನೆಟ್ಟಗೆ ಕಾಣ್ತವೆ. ಯಾವ ಬಾಕ್ಸಿಗೆ ಏನು ಬರಬೇಕು ಅಂತ ನಾವೇ ಆರಿಸಿಕೊಳ್ಳಬೇಕು. ಪಟ್ಟಿ ತೆಗೆದು ನೋಡಿದರೆ ಹೋಟೆಲ್ ಮೆನು ಇದ್ದಂಗಿದೆ: ಸ್ಪೀಡ್, ಸರಾಸರಿ ಸ್ಪೀಡ್, ಗರಿಷ್ಠ ಸ್ಪೀಡ್, ಎದೆಬಡಿತ, ಪೆಡಲ್ ಸುತ್ತು, ಪವರ್, ಕ್ಯಾಲೊರಿ, ರಸ್ತೆಯ ಏರು, ಒಟ್ಟು ಹತ್ತಿದ ಎತ್ತರ, ತಾಪಮಾನ, ದಿಕ್ಕು, ಸೂರ್ಯ ಮುಳುಗೋ ಹೊತ್ತು. ಮೂರು ದಿನದಿಂದ ವಾಟ್ಸಾಪ್ ಗ್ರೂಪಿನಲ್ಲಿ ಇದೇ ಜಗಳ. ಅಲ್ಲಿ ತುಂಡು ತುಂಡಾಗಿ ಹೇಳಿ ಸಾಕಾಯ್ತು, ಅದಕ್ಕೇ ಇಲ್ಲಿ ಪೂರ್ತಿ ಬರೀತಿದ್ದೀನಿ.

ಜಾಥಾದ ದಾರಿ ಎಲ್ಲರಿಗೂ ಗೊತ್ತಿದೆ. ಚಿತ್ರದುರ್ಗದಿಂದ ಹಿರಿಯೂರು, ಅಲ್ಲಿಂದ ಹೊಸದುರ್ಗ, ಆಮೇಲೆ ಹೊಳಲ್ಕೆರೆ, 14ನೇ ತಾರೀಕು ವಾಪಸ್ ದುರ್ಗ. ರಸ್ತೆ ಮೇಲೇ ಹೋದರೆ ಸುಮಾರು 160 ಕಿ.ಮೀ. ಕಾಲೋನಿ, ಹಟ್ಟಿ, ತಾಂಡಾ ಅಂತ ಒಳಗೆ ಹೊಕ್ಕು ಬರೋದರಿಂದ ಇನ್ನೂ ಹೆಚ್ಚಾಗುತ್ತೆ. ಐದು ದಿನ. ದಿನಕ್ಕೆ ಮೂವತ್ತು ನಲವತ್ತು ಕಿ.ಮೀ. ಏನೂ ದೊಡ್ಡದಲ್ಲ. ಬೆಂಗಳೂರಿನ ಬ್ರೆವೆ ಸವಾರರು 200 ಕಿ.ಮೀ.ಯನ್ನ ಹದಿಮೂರೂವರೆ ಗಂಟೆಯೊಳಗೆ ಮುಗಿಸಬೇಕು ಅಂತ ನಿಯಮ ಇಟ್ಕೊಂಡು ತುಳೀತಾರೆ. ಹೈವೇನಲ್ಲಿ ಅಂಥ ಸವಾರರು ಹೋಗೋದನ್ನ ನಮ್ಮ ಹುಡುಗರು ನೋಡಿದ್ದಾರೆ. ಅವರ ಹ್ಯಾಂಡಲ್ ಮೇಲಿರೋ ಪರದೆ ನಮ್ಮದರ ಮೇಲೂ ಬರಲಿ ಅನ್ನೋ ಆಸೆ ಅಲ್ಲಿಂದಲೇ ಹುಟ್ಟಿದ್ದು. ಆಸೆ ತಪ್ಪಲ್ಲ.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡ್ತೀನಿ. ಜಾಥಾದ ಐದೂ ದಿನ ಪರದೆ ಮೇಲೆ ಸ್ಪೀಡ್ ಇರಬಾರದು. ಸರಾಸರಿ ಸ್ಪೀಡೂ ಬೇಡ. ಎದೆಬಡಿತ, ಪವರ್, ಕ್ಯಾಲೊರಿ ಬೇಡ. ಇರಬೇಕಾದ್ದು ಐದು: ಒಟ್ಟು ದೂರ, ಲ್ಯಾಪ್ ದೂರ, ಹೊರಟಾಗಿನಿಂದ ಆದ ಪೂರ್ತಿ ಸಮಯ, ಗಡಿಯಾರ, ತಾಪಮಾನ. ಲ್ಯಾಪ್ ದೂರದ ಬಾಕ್ಸು ಎಲ್ಲಕ್ಕಿಂತ ದೊಡ್ಡದಾಗಿ, ಮಧ್ಯದಲ್ಲಿ.

ಹಿರಿಯ ಸಂಗಾತಿಯೊಬ್ಬರು ಗ್ರೂಪಿನಲ್ಲಿ ಕೇಳಿದರು: "ಜಯಂತಿ ಹತ್ರ ಬಂತು, ಮಾಡೋಕೆ ಬೇರೆ ಕೆಲಸ ಇಲ್ವೇನಪ್ಪಾ?" ಐತೆ ಸಾರ್. ಆದರೆ ನಾನು ಇಪ್ಪತ್ತು ವರ್ಷದಿಂದ ಗುಮಾಸ್ತ. ಕಾಲಂ ಇಲ್ಲದ ವಿಷಯ ಕಚೇರಿಯ ಮಟ್ಟಿಗೆ ನಡೆದೇ ಇಲ್ಲ ಅನ್ನೋದನ್ನ ದಿನಾ ನೋಡ್ತೀನಿ. ಅರ್ಜಿದಾರ ಎಷ್ಟು ಸಲ ಬಂದು ಹೋದ ಅನ್ನೋದಕ್ಕೆ ಯಾವ ರಿಜಿಸ್ಟರಿನಲ್ಲೂ ಜಾಗ ಇಲ್ಲ. ಅರ್ಜಿ ಬಂದ ದಿನಾಂಕಕ್ಕಿದೆ, ವಿಲೇವಾರಿ ದಿನಾಂಕಕ್ಕಿದೆ. ನಡುವಿನ ಹನ್ನೊಂದು ಬಸ್ ಚಾರ್ಜು ಅರ್ಜಿದಾರನ ಜೇಬಿಗೆ ಮಾತ್ರ ಗೊತ್ತು.

ಜಾತಿ ವಿಷಯದಲ್ಲಂತೂ ಇದನ್ನ ನಮಗೆ ಬಿಡಿಸಿ ಹೇಳಬೇಕಾಗಿಲ್ಲ. 'ಆದಿ ಕರ್ನಾಟಕ' ಅಂತ ಒಂದೇ ಬಾಕ್ಸಿನಲ್ಲಿ ಹೊಲೆಯರನ್ನೂ ಮಾದಿಗರನ್ನೂ ಎಷ್ಟು ದಶಕ ಬರೆದುಕೊಂಡು ಬಂದರು! ಅದು ಜಾತಿಯ ಹೆಸರಲ್ಲ, ಗುಂಪಿನ ಹೆಸರು. ಸದಾಶಿವ ಆಯೋಗ 2005ರಲ್ಲಿ ಶುರುವಾಗಿ 2012ರಲ್ಲಿ ವರದಿ ಕೊಟ್ಟಿತು. ಅದಾದ ಮೇಲೂ 2025ರಲ್ಲಿ ನಾಗಮೋಹನ ದಾಸ್ ಆಯೋಗದವರು ಮೊಬೈಲ್ ಹಿಡ್ಕೊಂಡು ಮತ್ತೆ ಮನೆ ಮನೆಗೆ ಹೋಗಿ "ಎಕೆ ಸರಿ, ಅದರೊಳಗೆ ನೀವು ಯಾರು?" ಅಂತ ಕೇಳಬೇಕಾಯ್ತು. ಒಳಮೀಸಲಾತಿ ಹೋರಾಟ ಅಷ್ಟು ವರ್ಷ ಎಳೆದದ್ದಕ್ಕೆ ರಾಜಕೀಯ ಕಾರಣ ಬೇಕಾದಷ್ಟಿವೆ, ಒಪ್ತೀನಿ. ಆದರೆ ಅಂಕಿ ಕೇಳಿದಾಗಲೆಲ್ಲ ಎದುರಿಗೆ ಬಂದು ನಿಂತದ್ದು ಆ ಬಾಕ್ಸು.

ಈಗ ದೂರದ ವಿಷಯಕ್ಕೆ ಬರ್ತೀನಿ. 2011ರ ಜನಗಣತಿಯಲ್ಲಿ ಒಂದು ಪ್ರಶ್ನೆ ಇತ್ತು. ಮನೆಯಿಂದ ಕೆಲಸದ ಜಾಗಕ್ಕೆ ಎಷ್ಟು ದೂರ, ಹೇಗೆ ಹೋಗ್ತೀರಿ, ನಡೆದೋ, ಸೈಕಲ್ಲೋ, ಬಸ್ಸೋ. ಒಳ್ಳೆ ಪ್ರಶ್ನೆ. ಅದರ ಉತ್ತರಗಳು ಕೋಷ್ಟಕವಾಗಿ ಪ್ರಕಟವೂ ಆದವು. ಆದರೆ ಆ ಕೋಷ್ಟಕದ ಹೆಸರು ನೋಡಿ: 'ಇತರೆ ಕೆಲಸಗಾರರು'. ಅಂದರೆ ಸಾಗುವಳಿದಾರರನ್ನ, ಕೃಷಿ ಕೂಲಿಗಳನ್ನ, ಮನೆ ಕೈಗಾರಿಕೆಯವರನ್ನ ಬಿಟ್ಟು ಉಳಿದವರು. ಆಫೀಸಿಗೆ ಸ್ಕೂಟರಿನಲ್ಲಿ ಹೋಗೋ ನನ್ನ ದೂರ ಅದರಲ್ಲಿದೆ. ಬೆಳಿಗ್ಗೆ ಆರಕ್ಕೇ ಬುತ್ತಿ ಕಟ್ಕೊಂಡು ಈರುಳ್ಳಿ ಹೊಲಕ್ಕೆ, ಅಡಿಕೆ ತೋಟಕ್ಕೆ, ಶೇಂಗಾ ಕೀಳೋಕೆ ನಡೀತಾಳಲ್ಲ ನಮ್ಮ ಅತ್ತಿಗೆ, ಅವಳ ದೂರ ಅದರಲ್ಲಿಲ್ಲ. ಈ ದೇಶದಲ್ಲಿ ಯಾರು ಎಷ್ಟು ನಡೀತಾರೆ ಅಂತ ಕೇಳೋಕೆ ಕೂತವರು, ಎಲ್ಲರಿಗಿಂತ ಹೆಚ್ಚು ನಡೆಯೋರನ್ನ ಹೊರಗಿಟ್ಟು ಲೆಕ್ಕ ಕೊಟ್ಟರು.

ದೂರದಲ್ಲಿ ದುಡ್ಡೂ ಇದೆ. 2005ರ ಉದ್ಯೋಗ ಖಾತ್ರಿ ಕಾಯ್ದೆಯಲ್ಲಿ, ಕೆಲಸ ಊರಿನಿಂದ 5 ಕಿ.ಮೀ. ಒಳಗೆ ಕೊಡಬೇಕು, ಅದಕ್ಕಿಂತ ಆಚೆ ಕೊಟ್ಟರೆ ಕೂಲಿಯ ಮೇಲೆ 10 ಪರ್ಸೆಂಟ್ ಹೆಚ್ಚು ಕೊಡಬೇಕು ಅಂತ ಬರೆದಿತ್ತು. ಶಿಕ್ಷಣ ಹಕ್ಕು ಕಾಯ್ದೆಯ ಮಾದರಿ ನಿಯಮಗಳಲ್ಲಿ ಒಂದರಿಂದ ಐದನೇ ಕ್ಲಾಸಿನ ಶಾಲೆ ನಡೆದು ಹೋಗೋ 1 ಕಿ.ಮೀ. ಒಳಗೆ, ಆರರಿಂದ ಎಂಟು 3 ಕಿ.ಮೀ. ಒಳಗೆ ಅಂತಿದೆ. 5, 1, 3 ಈ ಅಂಕಿಗಳೆಲ್ಲ ಚೆನ್ನಾಗಿವೆ. ಎಲ್ಲಿಂದ ಅಳೆಯೋದು ಅನ್ನೋದೇ ಜಗಳ.

ಕಾಗದದಲ್ಲಿ ದೂರ ಅಂದರೆ ಊರಿಂದ ಊರಿಗೆ. ಊರು ಅಂದರೆ ಪಂಚಾಯ್ತಿ ಕಟ್ಟೆ, ದೇವಸ್ಥಾನ, ಬಸ್ ನಿಲ್ಲೋ ಅರಳಿಮರ. ನಮ್ಮ ಕೇರಿ ಅಲ್ಲಿಲ್ಲ. ಅದನ್ನ ಬೇಕಂತಲೇ ಆಚೆ ಇಟ್ಟದ್ದು. ಹಳ್ಳ ದಾಟಿ, ಕಣ ದಾಟಿ, ಗಾಳಿ ಬೀಸೋ ದಿಕ್ಕು ನೋಡಿ ಇಟ್ಟದ್ದು. ಆಮೇಲೆ ಸರ್ಕಾರದವರು ಸೈಟು ಕೊಟ್ಟಾಗಲೂ 'ಎಕೆ ಕಾಲೋನಿ' ಅಂತ ಇನ್ನೊಂದಿಷ್ಟು ಆಚೆಗೇ ಕೊಟ್ಟರು. ನಮ್ಮ ತಾಲ್ಲೂಕುಗಳ ಒಂದು ಕಾಲೋನಿಯಿಂದ (ಹೆಸರು ಹಾಕಲ್ಲ, ಅರ್ಜಿ ಇನ್ನೂ ಬಾಕಿ ಇದೆ) ಮಕ್ಕಳಿಗೆ ಬಸ್ ಬೇಕು ಅಂತ ಬರೆದಿದ್ದೆವು. ಬಂದ ಉತ್ತರದಲ್ಲಿ ಶಾಲೆಗೆ ದೂರ 'ಸುಮಾರು ಎರಡೂವರೆ ಕಿ.ಮೀ.' ಅಂತಿತ್ತು. ಆ ಲೆಕ್ಕ ಅರಳಿಮರದಿಂದ. ಮಕ್ಕಳೇನು ಅರಳಿಮರದ ಕೆಳಗೆ ಮಲಗಿ ಏಳ್ತಾರಾ? ಕಾಲೋನಿಯ ಕೊನೇ ಮನೆಯಿಂದ ಅರಳಿಮರಕ್ಕೆ ಬರೋ ಹೊತ್ತಿಗೇ ಸಣ್ಣ ಹುಡುಗಿ ಒಂದು ಸಲ ಬ್ಯಾಗು ಕೆಳಗಿಟ್ಟು ಹೆಗಲು ಬದಲಾಯಿಸಿರ್ತಾಳೆ.

ಲ್ಯಾಪ್ ಬಟನ್ ಬೇಕಾಗಿರೋದು ಇದಕ್ಕೇ. ಮೀಟರ್ ಮಾಡಿದವರು ಇದನ್ನ ಇಟ್ಟದ್ದು ರೇಸಿನಲ್ಲಿ ಒಂದೊಂದು ಸುತ್ತನ್ನ ಬೇರೆ ಬೇರೆ ಎಣಿಸೋಕೆ. ಒತ್ತಿದ ಕೂಡಲೇ ಲ್ಯಾಪ್ ದೂರ ಸೊನ್ನೆಗೆ ಬಂದು ಮತ್ತೆ ಎಣಿಸೋಕೆ ಶುರು ಮಾಡುತ್ತೆ. ಒಟ್ಟು ದೂರಕ್ಕೆ ಏನೂ ಆಗಲ್ಲ. ನಾವು ಕಾಲೋನಿಯ ಕೊನೇ ಮನೆ ಬಾಗಿಲಲ್ಲಿ ಒತ್ತೋಣ, ಶಾಲೆ ಗೇಟಿನಲ್ಲಿ ಒತ್ತೋಣ. ಮತ್ತೆ ಅದೇ ಬಾಗಿಲಿಂದ ರೇಷನ್ ಅಂಗಡಿಗೆ, ಕುಡಿಯೋ ನೀರಿನ ಘಟಕಕ್ಕೆ, ಬಸ್ ನಿಲ್ದಾಣಕ್ಕೆ, ಅಂಗನವಾಡಿಗೆ. ಹೆಣ ಹೊತ್ತು ಹೋಗೋ ದಾರಿಯನ್ನೂ ಅಳೆಯೋಣ. ಸ್ಮಶಾನಕ್ಕೆ ಜಾಗ ಮಂಜೂರಾಗಿ ದಾರಿ ಮಂಜೂರಾಗದ ಕಡೆ ಎಷ್ಟು ಸುತ್ತಿ ಹೋಗ್ತಾರೆ ಅಂತ ಹೊತ್ತವರ ಹೆಗಲಿಗೆ ಗೊತ್ತು, ಫೈಲಿಗೆ ಗೊತ್ತಿಲ್ಲ. ಮನೆಗೆ ಬಂದ ಮೇಲೆ ಮೀಟರಿನಿಂದ ಫೈಲ್ ಇಳಿಸಿದರೆ ಒಂದೊಂದು ಲ್ಯಾಪೂ ದಿನಾಂಕ, ಸಮಯ, ದಾರಿಯ ಗೆರೆ ಸಮೇತ ಸಿಗುತ್ತೆ. 'ಸುಮಾರು' ಅನ್ನೋ ಪದಕ್ಕೆ ಅದನ್ನ ಲಗತ್ತಿಸಬಹುದು.

"ಅಣ್ಣಾ, ಗೂಗಲ್ ಮ್ಯಾಪಿನಲ್ಲೇ ದೂರ ಬರುತ್ತಲ್ಲ" ಅಂತ ಒಬ್ಬ ಬರೆದ. ಬರುತ್ತೆ ಕಣಪ್ಪ. ಮ್ಯಾಪು ತನಗೆ ಗೊತ್ತಿರೋ ದಾರೀಲಿ ಹತ್ತಿರದ್ದನ್ನ ತೋರಿಸುತ್ತೆ. ಆ ಹತ್ತಿರದ ದಾರಿ ಯಾರ ಮನೆ ಮುಂದೆ ಹಾದು ಹೋಗುತ್ತೆ, ಯಾರ ಹೊಲದ ಬದು ಅದು, ಸಂಜೆ ಆರರ ಮೇಲೆ ಹೆಣ್ಣುಮಕ್ಕಳು ಅಲ್ಲಿ ಬರ್ತಾರಾ ಅನ್ನೋದು ಅದಕ್ಕೆ ಗೊತ್ತಿಲ್ಲ. ನಾವು ಅಳೆಯಬೇಕಾದ್ದು ಜನ ನಿಜವಾಗಿ ನಡೆಯೋ ದಾರಿಯನ್ನ. ಕೇರಿಯವರನ್ನೇ ಮುಂದೆ ಬಿಟ್ಕೊಂಡು, ಅವರು ನಡೆದ ಹಾಗೆ ಹಿಂದೆ ಸೈಕಲ್ ತಳ್ಳಿಕೊಂಡು ಹೋದರೂ ಸರಿ, ಚಕ್ರ ತಿರುಗಿದರೆ ಸಾಕು, ಲೆಕ್ಕ ಬೀಳುತ್ತೆ.

ನನಗೆ ಇನ್ನೊಂದು ಇಷ್ಟವಾದ ವಿಷಯ. ಸೈಕಲ್ ಮೀಟರ್ ಅನ್ನೋದು ಶುರುವಾದದ್ದೇ ದೂರಕ್ಕೆ. 1895ರಲ್ಲಿ ಅಮೆರಿಕದ ಕರ್ಟಿಸ್ ವೀಡರ್ ಮಾಡಿದ ಸೈಕ್ಲೋಮೀಟರ್ ಚಕ್ರದ ಅಚ್ಚಿನ ಹತ್ತಿರ ಕೂತು ಮೈಲಿ ಎಣಿಸುತ್ತಿತ್ತು, ಅಷ್ಟೇ. ಸ್ಪೀಡೂ ಇಲ್ಲ, ಎದೆಬಡಿತವೂ ಇಲ್ಲ. ಹಾಗಾಗಿ ನಾನೇನೋ ಯಂತ್ರವನ್ನ ಅಡ್ಡದಾರಿಗೆ ಎಳೀತಿದ್ದೀನಿ ಅನ್ನಬೇಡಿ. ನಮ್ಮವರಿಗೂ ಅಳತೆ ಹೊಸದಲ್ಲ. ಜಮೀನು ಸರ್ವೆಗೆ ಬಂದಾಗ ಸರಪಳಿ ಹಿಡಿದು ಕಲ್ಲುಮುಳ್ಳಲ್ಲಿ ಎಳೆದವರು ತೋಟಿ ತಳವಾರರು ಅಂತ ನಮ್ಮ ಹಿರೀಕರು ಹೇಳೋರು. ಮೂವತ್ಮೂರು ಅಡಿ ಉದ್ದ, ಮೂವತ್ಮೂರು ಅಡಿ ಅಗಲ ಅಂದರೆ ಒಂದು ಗುಂಟೆ. ಎಳೆದವನ ಕೈಗೆ ಗುಂಟೆ ಬರಲಿಲ್ಲ, ಗುಳ್ಳೆ ಬಂತು. ಈಗ ಎಳೆಯೋನೂ ನಾವೇ, ಬರೆದುಕೊಳ್ಳೋನೂ ನಾವೇ.

ಸಮಯದ ಬಾಕ್ಸಿನ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕಂದ್ರೆ ಇಲ್ಲೇ ಮೀಟರ್ ನಮಗೆ ಟೋಪಿ ಹಾಕೋದು. ಅದರಲ್ಲಿ ಎರಡು ಥರದ ಸಮಯ ಇದೆ. ಒಂದು, ಚಕ್ರ ತಿರುಗಿದಷ್ಟು ಹೊತ್ತು ಮಾತ್ರ ಎಣಿಸೋದು. ನಿಂತರೆ ಅದೂ ನಿಲ್ಲುತ್ತೆ. ಆಟೋ ಪಾಸ್ ಅಂತಾರೆ. ಇನ್ನೊಂದು, ಹೊರಟ ಗಳಿಗೆಯಿಂದ ಮುಟ್ಟೋ ಗಳಿಗೆವರೆಗೆ, ನಿಂತದ್ದು ಕೂತದ್ದು ಎಲ್ಲಾ ಸೇರಿ. ಓಟದವರಿಗೆ ಮೊದಲನೇದು ಇಷ್ಟ, ಅವರ ಸರಾಸರಿ ಚೆನ್ನಾಗಿ ಕಾಣುತ್ತೆ. ಸಿಗ್ನಲ್ಲಿನಲ್ಲಿ ನಿಂತದ್ದು ಅವರಿಗೆ ಲೆಕ್ಕಕ್ಕಿಲ್ಲ.

ಬಾಬಾಸಾಹೇಬರ 'ವೇಟಿಂಗ್ ಫಾರ್ ಎ ವೀಸಾ' ಓದಿದವರಿಗೆ ಇದು ತಕ್ಷಣ ಅರ್ಥವಾಗುತ್ತೆ. 1901. ಹುಡುಗ ಭೀಮರಾವ್, ಅಣ್ಣ, ಅಕ್ಕನ ಮಕ್ಕಳ ಜತೆ ತಂದೆಯನ್ನ ನೋಡೋಕೆ ಕೋರೇಗಾಂವಿಗೆ ಹೊರಟಿದ್ದು. ಮಸೂರು ಸ್ಟೇಷನ್ನಿನಲ್ಲಿ ಇಳಿದರೆ ಕರೆದೊಯ್ಯೋಕೆ ಯಾರೂ ಬಂದಿಲ್ಲ. ಮಹಾರರು ಅಂತ ಗೊತ್ತಾದ ಮೇಲೆ ಗಾಡಿಯವರು ಯಾರೂ ಒಪ್ಪಲಿಲ್ಲ. ಕೊನೆಗೆ ಒಬ್ಬ ಎರಡರಷ್ಟು ಬಾಡಿಗೆಗೆ ಒಪ್ಪಿದ, ಗಾಡಿ ಮಾತ್ರ ಮಕ್ಕಳೇ ಹೊಡೀಬೇಕು, ತಾನು ಪಕ್ಕದಲ್ಲಿ ನಡೆದು ಬರ್ತೀನಿ ಅಂತ. ಬುತ್ತಿ ಇತ್ತು, ನೀರು ಕೊಡೋರು ಇರಲಿಲ್ಲ. ಸಂಜೆ ಹೊರಟವರು ಟೋಲ್ ಕಟ್ಟೆ ಹತ್ತಿರ ರಾತ್ರಿ ಕಳೆದು ಮಾರನೇ ದಿನ ಊರು ಸೇರಿದರು. ಆಟೋ ಪಾಸ್ ಹಾಕಿದ ಮೀಟರನ್ನ ಆ ಗಾಡಿಗೆ ಕಟ್ಟಿದ್ದರೆ ಏನು ತೋರಿಸುತ್ತಿತ್ತು? ಎತ್ತು ನಡೆದಷ್ಟು ಹೊತ್ತು. ಸ್ಟೇಷನ್ನಿನಲ್ಲಿ ಕಾದದ್ದು, ನೀರಿಗೆ ಅಲೆದದ್ದು, ರಾತ್ರಿಯೆಲ್ಲ ಹೆದರಿ ಕೂತದ್ದು, ಒಂದೂ ಇಲ್ಲ. ಪ್ರಯಾಣ ಸುಸೂತ್ರ.

ಸೈಕಲ್ಲಿನ ವಿಷಯದಲ್ಲೇ ನಮ್ಮ ಅಪ್ಪಂದಿರ ಕಾಲದ್ದು ಗೊತ್ತಲ್ಲ. ಊರ ಬಾಗಿಲು ಬಂದ ಕೂಡಲೇ ಇಳಿದು, ಚಪ್ಪಲಿ ಕೈಗೆ ತಗೊಂಡು, ಸೈಕಲ್ ತಳ್ಳಿಕೊಂಡು ಊರು ದಾಟಿ, ಆಮೇಲೆ ಹತ್ತಬೇಕಿತ್ತು. ಇದು ನಾವು ಕಟ್ಟಿ ಹೇಳೋ ಕಥೆ ಅನ್ನೋರಿಗೆ, 11 ರಾಜ್ಯಗಳ 565 ಹಳ್ಳಿಗಳ ಅಧ್ಯಯನ ಮಾಡಿ 2006ರಲ್ಲಿ ಬಂದ 'ಅನ್‌ಟಚಬಿಲಿಟಿ ಇನ್ ರೂರಲ್ ಇಂಡಿಯಾ' ಪುಸ್ತಕ ಇದೆ, ಅದರಲ್ಲಿ ಕರ್ನಾಟಕವೂ ಇದೆ, ಸೈಕಲ್ ತುಳಿಯೋಕೆ ಇರೋ ಅಡ್ಡಿಯೂ ಅದರಲ್ಲಿ ದಾಖಲಾಗಿದೆ. ಇಳಿದು ತಳ್ಳಿದ ಆ ನೂರು ಮಾರು ಯಾವ ಸರಾಸರಿ ಸ್ಪೀಡಿನಲ್ಲಿ ಕಾಣುತ್ತೆ? ಪೂರ್ತಿ ಸಮಯ ಹಾಕಿ, ಪಕ್ಕದಲ್ಲಿ ಗಡಿಯಾರ ಹಾಕಿ. ಎಲ್ಲಿ ನಿಂತೆವು, ಯಾಕೆ ನಿಂತೆವು, ಎಷ್ಟು ಹೊತ್ತು ಅನ್ನೋದು ನಮಗೆ ಬೇಕು.

ಸ್ಪೀಡ್ ಬೇಡ ಅನ್ನೋದಕ್ಕೆ ನನ್ನ ಹತ್ತಿರ ಕೆಲಸಕ್ಕೆ ಬರೋ ಕಾರಣವೂ ಇದೆ. ಮೀಟರ್ ಇರೋದು ಒಂದು. ಸೈಕಲ್ ಸುಮಾರು ಮೂವತ್ತು. ಮೀಟರ್ ಇರೋನು ಮುಂದಿರ್ತಾನೆ. ಪರದೆ ಮೇಲೆ 17 ಕಂಡರೆ ಅವನ ಕಾಲು 20 ಮಾಡೋಣ ಅನ್ನುತ್ತೆ. ಅದು ಮನುಷ್ಯನ ಸ್ವಭಾವ, ಬೈದು ಪ್ರಯೋಜನ ಇಲ್ಲ. ಹಿಂದೆ ಗೇರಿಲ್ಲದ ಹಳೇ ಸೈಕಲ್ಲಿನಲ್ಲಿ ಹಿರಿಯರು, ಶಾಲೆಯಲ್ಲಿ ಕೊಟ್ಟ ಸೈಕಲ್ಲಿನಲ್ಲಿ ಹೆಣ್ಣುಮಕ್ಕಳು. (2006-07ರಲ್ಲಿ ಶುರುವಾದ ಆ ಎಂಟನೇ ಕ್ಲಾಸಿನ ಸೈಕಲ್ ಯೋಜನೆ ಕೋವಿಡ್ ಹೊತ್ತಿಗೆ ನಿಂತಿತು. ಅದರ ಮೇಲೆ ಬೇರೆಯದೇ ಪೋಸ್ಟ್ ಬರೀಬೇಕು.) ಹಿರಿಯೂರಿನವರೆಗೆ ಒಟ್ಟಾರೆ ಇಳಿಜಾರು, ಅಲ್ಲಿ ಎಲ್ಲರೂ ವೀರರೇ. ಮಾರಿಕಣಿವೆ ಕಡೆ ತಿರುಗಿ ಹೊಸದುರ್ಗದ ದಾರಿ ಹಿಡಿದ ಮೇಲೆ ಗೊತ್ತಾಗುತ್ತೆ ಯಾರ ಮಂಡಿ ಎಂಥದು ಅಂತ. ಇನ್ನು ಗಾಳಿ. ನಮ್ಮ ಗುಡ್ಡಗಳ ಮೇಲೆ ಸಾಲಾಗಿ ಗಾಳಿಯಂತ್ರ ನೆಟ್ಟಿರೋದು ಸುಮ್ಮನೆ ಅಲ್ಲ. ಆಷಾಢದಲ್ಲಿ ಪಡುವಣ ಗಾಳಿಗೆ ಎದುರಾಗಿ ಹೊಸದುರ್ಗಕ್ಕೆ ತುಳಿದವನಿಗೆ ಪರದೆ ಮೇಲಿನ 9 ಅನ್ನೋ ಅಂಕಿ ಅವನ ಶಕ್ತಿಯ ಬಗ್ಗೆ ಏನೂ ಹೇಳಲ್ಲ. ಏಪ್ರಿಲ್‌ನಲ್ಲಿ ಅಷ್ಟು ಗಾಳಿ ಇರಲ್ಲ, ಬಿಸಿಲಿರುತ್ತೆ.

ಅದಕ್ಕೇ ತಾಪಮಾನ. ಒಬ್ಬರು ತಕರಾರು ತೆಗೆದರು: ಕಪ್ಪು ಮೀಟರ್ ಬಿಸಿಲಲ್ಲಿ ಕಾಯುತ್ತೆ, ನಿಜವಾದ ತಾಪಮಾನಕ್ಕಿಂತ ಜಾಸ್ತಿ ತೋರಿಸುತ್ತೆ ಅಂತ. ಸರಿಯಾದ ಮಾತು. ಹವಾಮಾನ ಇಲಾಖೆಯವರು ತಾಪಮಾನ ಅಳೆಯೋದು ಬಿಳಿ ಬಣ್ಣದ, ಗಾಳಿಯಾಡೋ ಪೆಟ್ಟಿಗೆಯೊಳಗೆ, ನೆರಳಿನಲ್ಲಿ. ವಿಜ್ಞಾನಕ್ಕೆ ಅದೇ ಸರಿ. ಪೇಪರಿನಲ್ಲಿ 38 ಅಂತ ಬರೋದು ಆ ನೆರಳಿನ ಲೆಕ್ಕ. ಕಳೆ ಕೀಳೋರು ಆ ಪೆಟ್ಟಿಗೆಯೊಳಗೆ ಕೂತು ಕೀಳಲ್ಲ. ಎರಡೂ ಅಂಕಿಯನ್ನ ಪಕ್ಕಪಕ್ಕ ಬರೆದುಕೊಳ್ಳೋಣ, 'ಮೀಟರ್ ಬಿಸಿಲಲ್ಲಿತ್ತು' ಅಂತ ನಾವೇ ನಮೂದಿಸೋಣ. ಇದನ್ನ ಅರ್ಜಿಗೆ ಪುರಾವೆಯಾಗಿ ಕೊಡೋಕೆ ಬರಲ್ಲ, ಆದರೆ ಯಾರನ್ನ ಎಷ್ಟೊತ್ತಿಗೆ ನೆರಳಿಗೆ ಕೂರಿಸಬೇಕು ಅಂತ ತೀರ್ಮಾನಿಸೋಕೆ ಸಾಕು.

ಎದೆಬಡಿತ, ಪೆಡಲ್ ಸುತ್ತು, ಪವರ್ ಬಗ್ಗೆ ಹೆಚ್ಚು ಹೇಳೋದಿಲ್ಲ. ಅವಕ್ಕೆ ಬೇರೆ ಬೇರೆ ಸೆನ್ಸರ್ ಬೇಕು, ನಮ್ಮ ಹತ್ತಿರ ಇಲ್ಲ. ಸೆನ್ಸರ್ ಇಲ್ಲದ ಬಾಕ್ಸಿನಲ್ಲಿ ಬರೀ ಗೆರೆ ಬರುತ್ತೆ. 'ಇದು ನಿನ್ನ ಹತ್ತಿರ ಇಲ್ಲ' ಅಂತ ದಾರಿಯುದ್ದಕ್ಕೂ ಹೇಳೋ ಬಾಕ್ಸನ್ನ ಹ್ಯಾಂಡಲ್ ಮೇಲೆ ಯಾಕೆ ಹೊರಬೇಕು? ಬಿಪಿ ಇರೋರು, ನನ್ನ ವಯಸ್ಸಿನೋರು, ಆಳನ್ನ ನಂಬಿ, ಯಂತ್ರವನ್ನ ನಂಬಬೇಡಿ. ಪಕ್ಕದೋನ ಜತೆ ಮಾತಾಡಿಕೊಂಡು ತುಳಿಯೋಕೆ ಆಗ್ತಿಲ್ಲ ಅಂದರೆ ಇಳೀರಿ. ಏರಿನ ಶೇಕಡಾ ತೋರಿಸೋ ಬಾಕ್ಸೂ ಅಷ್ಟೇ. ಏರು ಬಂದದ್ದು ಮೀಟರಿಗಿಂತ ಮೊದಲು ಮೊಣಕಾಲಿಗೆ ಗೊತ್ತಾಗುತ್ತೆ.

ಈಗ ನನ್ನನ್ನ ನಿಜವಾಗಿ ಯೋಚನೆಗೆ ಹಚ್ಚಿದ ಮಾತು. ನಮ್ಮ ಗುಂಪಿನ ಒಬ್ಬ ಹುಡುಗಿ, ಡಿಗ್ರಿ ಎರಡನೇ ವರ್ಷ, ಹೀಗೆ ಬರೆದಳು: "ಅಣ್ಣ, ನಾವು ಯಾವಾಗಲೂ ನಮ್ಮ ಕಷ್ಟವನ್ನೇ ಅಳೀತಾ ಇರಬೇಕಾ? ಬೇರೆಯೋರ ಮಕ್ಕಳು ಎಷ್ಟು ಜೋರಾಗಿ ತುಳಿದೆ ಅಂತ ನೋಡ್ಕೊಂಡು ಖುಷಿಪಡಬಹುದು, ನಾವು ಮಾತ್ರ ಸ್ಮಶಾನದ ದಾರಿ ಎಣಿಸಬೇಕಾ?" ಇದಕ್ಕೆ ಗ್ರೂಪಿನಲ್ಲಿ ಯಾರೂ ಉತ್ತರ ಕೊಡಲಿಲ್ಲ, ಥಂಬ್ಸ್ ಅಪ್ ಹಾಕಿ ಸುಮ್ಮನಾದರು.

ತಂಗಿ, ನಿನ್ನ ಮಾತು ಸರಿ. ಹೋರಾಟದೋರು ಅಂದರೆ ಮುಖ ಗಂಟು ಹಾಕ್ಕೊಂಡೇ ಇರಬೇಕು ಅಂತ ನಮ್ಮೊಳಗೇ ಒಂದು ರೂಢಿ ಬೆಳೆದಿದೆ. ಅದನ್ನ ನಾನು ಒಪ್ಪಲ್ಲ. ವಿಜಯಪುರದಲ್ಲಿ ಸೈಕ್ಲಿಂಗ್ ಕ್ರೀಡಾ ನಿಲಯ ಇದೆ, ಆ ಕಡೆಯ ಹಳ್ಳಿ ಮಕ್ಕಳು ಎಷ್ಟೋ ಜನ ಸೈಕ್ಲಿಂಗಿನಲ್ಲಿ ಮುಂದೆ ಬಂದಿದ್ದಾರೆ. ನಮ್ಮ ನಾಲ್ಕು ತಾಲ್ಲೂಕಿನ ಕೇರಿಯಿಂದ ಒಬ್ಬಳು ಹಾಗೆ ಹೋದರೆ ಅವಳಿಗೆ ಪವರ್ ಮೀಟರೂ ಬೇಕು, ಎದೆಬಡಿತದ ಪಟ್ಟಿಯೂ ಬೇಕು, ದುಡ್ಡು ಎತ್ತೋಕೆ ನಾನೇ ರಸೀದಿ ಪುಸ್ತಕ ಹಿಡೀತೀನಿ. ತಮಿಳುನಾಡಿನ ಪುದುಕೋಟೆಯಲ್ಲಿ 1991ರ ಸುಮಾರಿಗೆ ಸಾಕ್ಷರತಾ ಆಂದೋಲನದ ಜತೆ ಸಾವಿರಾರು ಹಳ್ಳಿ ಹೆಂಗಸರು ಸೈಕಲ್ ಕಲಿತರಲ್ಲ, ಸಾಯಿನಾಥ್ ಅದರ ಬಗ್ಗೆ ಬರೆದರಲ್ಲ, ಅವರೆಲ್ಲ ಬರೀ ನೀರು ತರೋಕೆ ಕಲಿತರು ಅಂತ ನಾನು ನಂಬಲ್ಲ. ಗಾಳಿಗೆ ಮುಖ ಒಡ್ಡೋಕೂ ಕಲಿತರು. ಮೀಟರಿನಲ್ಲಿ ಪುಟ ಒಂದೇ ಅಲ್ಲ. ಎರಡನೇ ಪುಟ ನಿಮ್ಮದು. ಸ್ಪೀಡ್, ಗರಿಷ್ಠ ಸ್ಪೀಡ್, ಏನು ಬೇಕೋ ಹಾಕ್ಕೊಳ್ಳಿ. ಜಾಥಾ ಮುಗಿದ ಮೇಲೆ ಭಾನುವಾರ ಬೆಳಿಗ್ಗೆ ಮೀಟರ್ ನಿಮ್ಮ ಕೈಯಲ್ಲೇ ಇರುತ್ತೆ, ಸರದಿ ಪ್ರಕಾರ. ಮೊದಲ ಸರದಿ ನಿನಗೆ.

ಆದರೆ ಆ ಐದು ದಿನ ಮೊದಲನೇ ಪುಟದಲ್ಲಿ ಸ್ಪೀಡ್ ಬೇಡ ಅನ್ನೋದರಲ್ಲಿ ನಾನು ಬದಲಾಗಲ್ಲ. 1983ರಲ್ಲಿ ಕಾನ್ಶೀರಾಮ್ ಸಾಹೇಬರು ಡಿಎಸ್4 ಕಾರ್ಯಕರ್ತರನ್ನ ಸೈಕಲ್ ಮೇಲೆ ಹತ್ತಿಸಿಕೊಂಡು ಉತ್ತರ ಭಾರತ ಸುತ್ತಿದರು. ಮಾರನೇ ವರ್ಷ ಏಪ್ರಿಲ್ 14ಕ್ಕೆ ಬಿಎಸ್‌ಪಿ ಹುಟ್ಟಿತು. ಆ ಪಕ್ಷದ ಈಗಿನ ಗತಿ ಏನು ಅನ್ನೋದು ಬೇರೆ ಮಾತು, ಅದನ್ನ ಕಾಮೆಂಟಿನಲ್ಲಿ ತರಬೇಡಿ. ನಾನು ಹೇಳೋದು, ಆ ಸೈಕಲ್ಲುಗಳು ಎಷ್ಟು ಜೋರಾಗಿ ಹೋದವು ಅಂತ ಯಾರೂ ಕೇಳಲಿಲ್ಲ, ಎಲ್ಲೆಲ್ಲಿ ನಿಂತವು ಅನ್ನೋದೇ ಮುಖ್ಯವಾಗಿತ್ತು.

ಇನ್ನು ಒಂದು ಕೆಲಸ ಹೊರಡೋಕೆ ಮುಂಚೆ ಆಗಲೇಬೇಕು. ಚಕ್ರದ ಅಳತೆ. ಸೆನ್ಸರ್ ಕಟ್ಟಿದ ಮೇಲೆ ಮೀಟರ್ ದೂರಕ್ಕೆ ಚಕ್ರದ ಸುತ್ತುಗಳನ್ನೇ ಎಣಿಸುತ್ತೆ. ಒಂದು ಸುತ್ತಿಗೆ ಎಷ್ಟು ಮಿಲಿಮೀಟರ್ ಅಂತ ನಾವು ಹೇಳಿರಬೇಕು. ಹಳೇ ಮಾಲೀಕರದ್ದು ರೇಸಿಂಗ್ ಸೈಕಲ್, 700×25ಸಿ ಟೈರು, ಒಂದು ಸುತ್ತಿಗೆ 2105 ಮಿ.ಮೀ. ಹಾಕಿಟ್ಟಿದ್ದಾರೆ. ನಾವು ಕಟ್ಟೋದು 28 ಇಂಚಿನ ದೊಡ್ಡ ಚಕ್ರದ ಕರಿ ಸೈಕಲ್ಲಿಗೆ. ಒಂದೂವರೆ ಇಂಚಿನ ಆ ಟೈರು ಒಂದು ಸುತ್ತಿಗೆ ಸುಮಾರು 2224 ಮಿ.ಮೀ. ಹೋಗುತ್ತೆ. ಹಾಗೇ ಬಿಟ್ಟರೆ ಮೀಟರ್ ನೂರಕ್ಕೆ ಐದರಷ್ಟು ಕಡಿಮೆ ತೋರಿಸುತ್ತೆ. ಐದೇ ತಾನೇ ಅನ್ನಬೇಡಿ. ನಿಜವಾಗಿ 3.1 ಕಿ.ಮೀ. ಇರೋ ಶಾಲೆ ದಾರಿ 2.93 ಅಂತ ಬೀಳುತ್ತೆ. 3ರ ಒಳಗೆ ಬಂತು, ಅರ್ಜಿ ವಾಪಸ್. ನಮ್ಮ ಮೀಟರೇ ನಮ್ಮ ಮೇಲೆ ಸಾಕ್ಷಿ ಹೇಳುತ್ತೆ.

ಆದ್ದರಿಂದ ಪುಸ್ತಕದ ಅಂಕಿಯನ್ನೂ ನಂಬೋದು ಬೇಡ, ನಾವೇ ಅಳೆಯೋಣ. ಟೈರಿಗೆ ಗಾಳಿ ಪೂರ್ತಿ ತುಂಬಿ, ಸೀಮೆಸುಣ್ಣದಲ್ಲಿ ಟೈರಿನ ಮೇಲೆ ಒಂದು ಗುರುತು, ನೆಲದ ಮೇಲೆ ಒಂದು ಗುರುತು. ಆಳು ಸೈಕಲ್ ಮೇಲೆ ಕೂತಿರಬೇಕು, ಯಾಕಂದ್ರೆ ಭಾರಕ್ಕೆ ಟೈರು ತಗ್ಗುತ್ತೆ. ಇಬ್ಬರು ಹಿಡ್ಕೊಂಡು ನೇರವಾಗಿ ತಳ್ಳಿ, ಗುರುತು ಮತ್ತೆ ನೆಲ ಮುಟ್ಟೋವರೆಗೆ. ಐದು ಸುತ್ತು ತಳ್ಳಿ ಟೇಪಿನಲ್ಲಿ ಅಳೆದು ಐದರಿಂದ ಭಾಗಿಸಿದರೆ ಇನ್ನೂ ಖಚಿತ. ಅದನ್ನ ಮಾಡೋವಾಗ ಫೋಟೋ ತೆಗೀರಿ, ಟೇಪಿನ ಅಂಕಿ ಕಾಣೋ ಹಾಗೆ. ನಾಳೆ ಯಾರಾದರೂ 'ನಿಮ್ಮ ಯಂತ್ರ ಸರಿ ಇದೆ ಅಂತ ಏನು ಗ್ಯಾರಂಟಿ' ಅಂತ ಕೇಳೇ ಕೇಳ್ತಾರೆ. ನಾನೇ ಆ ಕುರ್ಚಿಯಲ್ಲಿ ಕೂತಿದ್ದರೂ ಕೇಳ್ತಿದ್ದೆ.

ನೋಟ್‌ಬುಕ್ ನಾನು ತರ್ತೀನಿ. ಕಾಲಂ ಗೆರೆ ಎಳೆದು ಇಟ್ಟಿದ್ದೀನಿ: ಕಾಲೋನಿ ಹೆಸರು, ಯಾವ ಮನೆ ಬಾಗಿಲಿಂದ, ಎಲ್ಲಿಗೆ, ಮೀಟರಿನ ದೂರ, ಹೊರಟ ಗಂಟೆ, ಮುಟ್ಟಿದ ಗಂಟೆ, ನಿಂತದ್ದೆಲ್ಲಿ, ಯಾಕೆ, ಜತೆಗೆ ನಡೆದವರ ಸಹಿ ಇಲ್ಲ ಹೆಬ್ಬೆಟ್ಟು. ಕೊನೇ ಕಾಲಮ್ಮಿಗೆ ತಲೆಬರಹ ಹಾಕಿಲ್ಲ, ಖಾಲಿ ಬಿಟ್ಟಿದ್ದೀನಿ. ಕೇರಿಯವರು ನಾವು ಕೇಳದೇ ಇರೋದನ್ನ ಏನಾದರೂ ಹೇಳ್ತಾರೆ, ಅದಕ್ಕೆ ಜಾಗ ಬೇಕು. ಲ್ಯಾಪ್ ಒತ್ತೋದು ಒಬ್ಬನೇ, ಬರೆಯೋದು ಇನ್ನೊಬ್ಬ, ಒಬ್ಬನೇ ಎರಡೂ ಮಾಡಬಾರದು.

ಈ ಭಾನುವಾರ ಬೆಳಿಗ್ಗೆ ಏಳಕ್ಕೆ ಚಕ್ರ ಅಳೆಯೋಣ, ಜಾಗ ಗ್ರೂಪಿನಲ್ಲಿ ಹಾಕ್ತೀನಿ. ಗಾಳಿ ಪಂಪ್ ಇರೋರು ತನ್ನಿ. ಬಡಗಿ ಕೆಲಸದ ಉಕ್ಕಿನ ಟೇಪ್ ಯಾರ ಹತ್ತಿರಾದರೂ ಇದ್ದರೆ ಕಾಮೆಂಟಿನಲ್ಲಿ ಹೇಳಿ, ಟೈಲರ್ ಟೇಪ್ ಬೇಡ, ಅದು ಹಿಗ್ಗುತ್ತೆ.